‘ಹಿ’ ಅಂದ್ರೆ ಯಾರು? ಇಂಗ್ಲಿಷ್ ಮೇಲ್‌ನಲ್ಲಿ ಸರ್ವನಾಮದ ಗೊಂದಲ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಇವತ್ತು ಮಾತಾಡೋದು ಇಂಗ್ಲಿಷ್‌ನ ಕೆಲವು ಪುಟ್ಟ ಪದಗಳ ಬಗ್ಗೆ. ‘ಹಿ’, ‘ಶಿ’, ‘ಇಟ್’, ‘ದೇ’, ‘ದಿಸ್’. ಸ್ಕೂಲಲ್ಲಿ ಪ್ರೊನೌನ್ ಅಂತ ಕಲಿತಿದ್ವಲ್ಲ, ಕನ್ನಡದಲ್ಲಿ ಸರ್ವನಾಮ. ಐದನೇ ಕ್ಲಾಸ್ ಪಾಠ ಈಗ ಯಾಕಪ್ಪಾ ಅನ್ನಬೇಡಿ. ಆಫೀಸ್ ಮೇಲ್‌ನಲ್ಲಿ, ಶಿಫ್ಟ್ ಬದಲಾಗುವಾಗ ಬರೆಯೋ ನೋಟ್‌ನಲ್ಲಿ, ವ್ಯಾಪಾರದ ವಾಟ್ಸಾಪ್ ಮೆಸೇಜ್‌ನಲ್ಲಿ ಅರ್ಥ ಕೆಡೋದು ಹೆಚ್ಚಾಗಿ ಇಲ್ಲೇ. ಸ್ಪೆಲಿಂಗ್ ತಪ್ಪಾದ್ರೆ ಓದೋರು ಸರಿಮಾಡ್ಕೊಂಡು ಓದ್ತಾರೆ. ‘ಹಿ’ ಯಾರು ಅಂತ ಗೊತ್ತಾಗದೇ ಹೋದ್ರೆ ಅವರಿಗೆ ತೋಚಿದವರನ್ನ ಅಂದ್ಕೊಂಡು ಮುಂದೆ ಹೋಗ್ತಾರೆ.

ಒಂದು ವಾಕ್ಯದಿಂದ ಶುರು ಮಾಡೋಣ. ಕನ್ನಡದಲ್ಲಿ ನಾವು ಹೀಗಂತೀವಿ: “ಲಕ್ಷ್ಮಿ ಮ್ಯಾನೇಜರ್ ಹತ್ರ ಹೋದಳು, ಚೆನ್ನಾಗಿ ಬೈದರು.” ಯಾರು ಬೈದದ್ದು? ಮ್ಯಾನೇಜರ್. ಅನುಮಾನವೇ ಇಲ್ಲ. ಎರಡನೇ ಭಾಗದಲ್ಲಿ ‘ಮ್ಯಾನೇಜರ್’ ಅನ್ನೋ ಪದ ಇಲ್ಲ, ‘ಅವರು’ ಕೂಡ ಇಲ್ಲ. ಆದ್ರೂ ಗೊತ್ತಾಯ್ತು. ಹೇಗೆ? ‘ಹೋದಳು’ ಅನ್ನೋ ‘ಅಳು’ ಲಕ್ಷ್ಮಿಯನ್ನ ತೋರಿಸ್ತು, ‘ಬೈದರು’ ಅನ್ನೋ ‘ಅರು’ ಮರ್ಯಾದೆ ಕೊಡಬೇಕಾದ ಮ್ಯಾನೇಜರನ್ನ ತೋರಿಸ್ತು. ಕ್ರಿಯಾಪದದ ಬಾಲದಲ್ಲೇ ಸರ್ವನಾಮದ ಕೆಲಸ ಮುಗಿದುಹೋಯ್ತು.

ಇದನ್ನೇ ಪದಕ್ಕೆ ಪದ ಇಂಗ್ಲಿಷ್‌ಗೆ ಹಾಕಿ. “ಲಕ್ಷ್ಮಿ ವೆಂಟ್ ಟು ದ ಮ್ಯಾನೇಜರ್ ಅಂಡ್ ಸ್ಕೋಲ್ಡೆಡ್.” ಈಗ ಬೈದದ್ದು ಲಕ್ಷ್ಮಿ! ಪಾಪ, ಬೈಸಿಕೊಂಡವಳೇ ಬೈದವಳಾಗಿಬಿಟ್ಟಳು. ಸರಿಮಾಡ್ತೀನಿ ಅಂತ “ಶಿ ಸ್ಕೋಲ್ಡೆಡ್ ಹರ್” ಅಂತ ಬರೆದ್ರೆ, ಮ್ಯಾನೇಜರೂ ಹೆಂಗಸೇ ಆಗಿದ್ರೆ, ಯಾವ ‘ಶಿ’ ಯಾವ ‘ಹರ್’ಗೆ ಬೈದದ್ದು ಅಂತ ವಾಕ್ಯ ಹೇಳಲ್ಲ. “ದ ಮ್ಯಾನೇಜರ್ ಸ್ಕೋಲ್ಡೆಡ್ ಹರ್” ಅಂತ ಹೆಸರು ವಾಪಸ್ ತಂದ್ರೆ ಮಾತ್ರ ನಿಲ್ಲುತ್ತೆ. ಎಚ್‌ಆರ್‌ಗೆ ಕಳಿಸೋ ದೂರಿನಲ್ಲಿ ಇಂಥದ್ದೊಂದು ವಾಕ್ಯ ಇದ್ದಿದ್ರೆ ಏನಾಗ್ತಿತ್ತು, ನೀವೇ ಯೋಚಿಸಿ.

ಒಂದು ಸರ್ವನಾಮ ಯಾವ ಹೆಸರಿನ ಬದಲಿಗೆ ಬಂದಿದೆಯೋ ಆ ಹೆಸರಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ಆ್ಯಂಟಿಸಿಡೆಂಟ್ ಅಂತಾರೆ. ಪದ ಭಾರ ಅನ್ನಿಸಿದ್ರೆ ಬಿಡಿ, ‘ಯಜಮಾನ’ ಅಂತ ಇಟ್ಕೊಳ್ಳೋಣ. ಪ್ರತಿ ‘ಹಿ’ಗೂ ಪ್ರತಿ ‘ಇಟ್’ಗೂ ಒಬ್ಬ ಯಜಮಾನ ಇರಬೇಕು. ಇಬ್ಬರಿದ್ರೆ ಜಗಳ, ಯಾರೂ ಇಲ್ಲದಿದ್ರೆ ಅನಾಥ.

ಕನ್ನಡದ ಹತ್ರ ಇನ್ನೂ ಒಂದೆರಡು ಉಪಾಯ ಇದೆ. ದಿನಾ ಬಳಸ್ತೀವಿ, ಗಮನಿಸಿರಲ್ಲ ಅಷ್ಟೇ. ಒಂದು, ‘ತನ್ನ’. “ರವಿ ಮಹೇಶನಿಗೆ ತನ್ನ ಬೈಕ್ ತೋರಿಸಿದ” ಅಂದ್ರೆ ಬೈಕ್ ರವಿಯದು. “ಅವನ ಬೈಕ್ ತೋರಿಸಿದ” ಅಂದ್ರೆ ಬೇರೆಯವನದಿರಬೇಕು ಅಂತ ಕಿವಿ ಹೇಳುತ್ತೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ‘ಹಿಸ್ ಬೈಕ್’. ಇನ್ನೊಂದು, ‘ಇವನು’ ಮತ್ತು ‘ಅವನು’. ಇಬ್ಬರ ಜಗಳ ಹೇಳುವಾಗ “ಅವನು ಕೇಳಿದ, ಇವನು ಕೊಡಲಿಲ್ಲ” ಅಂತ ಸಲೀಸಾಗಿ ಹೇಳಿಬಿಡ್ತೀವಿ. ಇಂಗ್ಲಿಷ್‌ನಲ್ಲಿ ಇಬ್ಬರೂ ‘ಹಿ’.

ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ನಮ್ಮ ‘ಅಂತ’. “ನಿನ್ನ ರಜೆ ಕ್ಯಾನ್ಸಲ್ ಆಯ್ತು ಅಂತ ರವಿ ಮಹೇಶನಿಗೆ ಹೇಳಿದ.” ರವಿ ಬಾಯಲ್ಲಿ ಬಂದ ಮಾತು ಹೇಗಿತ್ತೋ ಹಾಗೇ ಇಟ್ಟು, ಹಿಂದೆ ಒಂದು ‘ಅಂತ’ ಅಂಟಿಸಿದ್ರೆ ಆಯ್ತು. ‘ನಿನ್ನ’ ಅಂದ್ರೆ ಕೇಳಿಸಿಕೊಂಡವನದು, ‘ನನ್ನ’ ಅಂದ್ರೆ ಹೇಳಿದವನದು. ಇಂಗ್ಲಿಷ್‌ನಲ್ಲಿ ರಿಪೋರ್ಟೆಡ್ ಸ್ಪೀಚ್ ಅಂತ ಎಸ್ಸೆಸ್ಸೆಲ್ಸಿಯಲ್ಲಿ ಉರು ಹೊಡೆದಿದ್ವಲ್ಲ, ಅಲ್ಲಿ ‘ಐ’ ಕೂಡ ‘ಹಿ’ ಆಗುತ್ತೆ, ‘ಯೂ’ ಕೂಡ ‘ಹಿ’ ಆಗುತ್ತೆ. “ರವಿ ಟೋಲ್ಡ್ ಮಹೇಶ್ ದಟ್ ಹಿಸ್ ಲೀವ್ ವಾಸ್ ಕ್ಯಾನ್ಸಲ್ಡ್.” ಯಾರ ರಜೆ? ಇಬ್ಬರದೂ ಆಗಬಹುದು. ನಿಯಮಕ್ಕೆ ಸರಿಯಾಗಿ ಬದಲಾಯಿಸಿದ್ರೆ ಮಾರ್ಕ್ಸ್ ಸಿಗ್ತಿತ್ತು, ಆದ್ರೆ ಅರ್ಥ ಉಳೀತಾ ಅಂತ ಕೇಳೋ ಪ್ರಶ್ನೆ ಪರೀಕ್ಷೆಯಲ್ಲಿ ಬರ್ತಿರಲಿಲ್ಲ. ಕೆಲಸದ ಮೇಲ್‌ನಲ್ಲಿ ಅದೇ ಮೊದಲ ಪ್ರಶ್ನೆ. ಇಲ್ಲಿ ದಾರಿ ಸುಲಭ. “ರವಿ ಟೋಲ್ಡ್ ಮಹೇಶ್ ದಟ್ ಮಹೇಶ್ಸ್ ಲೀವ್ ವಾಸ್ ಕ್ಯಾನ್ಸಲ್ಡ್.” ಕಿವಿಗೆ ಚೂರು ಒರಟು, ಆದ್ರೆ ನಾಳೆ ಡ್ಯೂಟಿಗೆ ಬರಬೇಕಾದವನು ಬರ್ತಾನೆ. ಒರಟು ಬೇಡ ಅಂದ್ರೆ ರವಿಯ ಮಾತನ್ನ ಕೊಟೇಶನ್ ಒಳಗೆ ಇದ್ದಹಾಗೇ ಇಡಿ, ನಮ್ಮ ‘ಅಂತ’ ಮಾಡೋ ಹಾಗೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿಶೇಷ ಇದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಒಳಗೊಂದು ಭಾಷೆ, ಬೀದಿಯಲ್ಲೊಂದು ಭಾಷೆ. ಮುಳಬಾಗಿಲು, ಶ್ರೀನಿವಾಸಪುರ ಆಂಧ್ರದ ಗಡಿ, ತೆಲುಗು ಜೋರು. ಕೆಜಿಎಫ್ ಕಡೆ ತಮಿಳು. ಎಲ್ಲಾ ಊರಲ್ಲೂ ಉರ್ದು. ಇದು ಹೊಸದೇನಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು, ಎಂ.ಎ. ಮಾಡಿದ್ದು ಇಂಗ್ಲಿಷ್‌ನಲ್ಲಿ, 1983ರ ಜ್ಞಾನಪೀಠ ಬಂದದ್ದು ಕನ್ನಡಕ್ಕೆ.

ಒಂದೊಂದು ಮನೆಮಾತು ಒಂದೊಂದು ಅಭ್ಯಾಸ ಕೊಡುತ್ತೆ. ತೆಲುಗಲ್ಲಿ “ಆಮೆ ವಚ್ಚಿಂದಿ”, “ಬಸ್ಸು ವಚ್ಚಿಂದಿ”, ಹೆಂಗಸು ಬಂದ್ರೂ ಬಸ್ ಬಂದ್ರೂ ಕ್ರಿಯಾಪದ ಒಂದೇ. ಕನ್ನಡದಲ್ಲಿ ‘ಬಂದಳು’ ಬೇರೆ, ‘ಬಂತು’ ಬೇರೆ. ಉರ್ದುವಲ್ಲಿ ‘ವೋ’ ಅಂದ್ರೆ ಅವನೂ ಹೌದು, ಅವಳೂ ಹೌದು, ಅದೂ ಹೌದು. ಗಂಡೋ ಹೆಣ್ಣೋ ಅನ್ನೋದನ್ನ ಹೆಚ್ಚಾಗಿ ಕ್ರಿಯಾಪದ ಹೇಳುತ್ತೆ. ಹಾಗಾಗಿ ಯಾರಾದ್ರೂ ಇಂಗ್ಲಿಷ್ ಮಾತಾಡುವಾಗ ‘ಹಿ’, ‘ಶಿ’ ಅದಲುಬದಲು ಮಾಡಿದ್ರೆ ನಗೋದು ಬೇಡ. ಅವರು ದಡ್ಡರಲ್ಲ, ತಲೆಯೊಳಗೆ ಇನ್ನೊಂದು ಭಾಷೆಯ ಲೆಕ್ಕ ಓಡ್ತಾ ಇರುತ್ತೆ. ಬರೆಯುವಾಗ ಮಾತ್ರ ವಾಪಸ್ ಹೋಗಿ ನೋಡಲೇಬೇಕು. ಮಾತಲ್ಲಿ ಎದುರಿಗಿರೋರು ಮುಖ ನೋಡಿ ಕೇಳ್ತಾರೆ, ಮೇಲ್ ಓದೋರು ಕೇಳಲ್ಲ.

ಈಗ ‘ಅವರು’ ವಿಷಯ. “ನಮ್ಮ ಟೀಚರ್ ಮಾಲೂರಿನವರು, ಅವರು ಚೆನ್ನಾಗಿ ಪಾಠ ಮಾಡ್ತಾರೆ.” ಒಬ್ಬರೇ ಟೀಚರ್, ಆದ್ರೂ ‘ಅವರು’. ‘ಅವನು’, ‘ಅವಳು’ ಅಂದ್ರೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಇದೇ ಮರ್ಯಾದೆಯನ್ನ ಇಂಗ್ಲಿಷ್‌ಗೆ ಹೊತ್ಕೊಂಡು ಹೋಗಿ “ಮೈ ಟೀಚರ್ ಈಸ್ ಫ್ರಮ್ ಮಾಲೂರ್, ದೇ ಟೀಚ್ ವೆಲ್” ಅಂತ ಬರೀತೀವಿ. ಓದೋರು ‘ಎಷ್ಟು ಜನ ಟೀಚರ್’ ಅಂತ ಹುಡುಕ್ತಾರೆ.

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡ್ಬೇಕು. ಒಬ್ಬರಿಗೆ ‘ದೇ’ ಅನ್ನೋದು ಇಂಗ್ಲಿಷ್‌ನಲ್ಲಿ ತಪ್ಪೇ ಅಂತ ಹೇಳೋ ಹಾಗಿಲ್ಲ. ಯಾರು ಅಂತ ಗೊತ್ತಿಲ್ಲದ ಒಬ್ಬರ ಬಗ್ಗೆ ‘ದೇ’ ಬಳಸೋದು 14ನೇ ಶತಮಾನದಿಂದಲೂ ಇದೆ. “ಸಮ್‌ಒನ್ ಲೆಫ್ಟ್ ದೆಯರ್ ಫೋನ್ ಹಿಯರ್” ಅನ್ನೋದು ಇವತ್ತು ಸಹಜ ಇಂಗ್ಲಿಷ್. ‘ಹಿ’, ‘ಶಿ’ ಎರಡೂ ಬೇಡ, ‘ದೇ’ ಅನ್ನಿ ಅಂತ ಕೇಳೋ ವ್ಯಕ್ತಿಗಳಿಗೂ ಹಾಗೇ ಬಳಸ್ತಾರೆ. ಮೆರಿಯಮ್-ವೆಬ್‌ಸ್ಟರ್ ನಿಘಂಟು 2019ರ ವರ್ಷದ ಪದ ಅಂತ ಆರಿಸಿದ್ದು ಈ ‘ದೇ’ಯನ್ನೇ. ಆದ್ರೆ ಮರ್ಯಾದೆಗೋಸ್ಕರ ‘ದೇ’ ಅನ್ನೋ ರೂಢಿ ಇಂಗ್ಲಿಷ್‌ನಲ್ಲಿ ಇಲ್ಲ. ತಮಾಷೆ ಅಂದ್ರೆ ‘ಯೂ’ಗೆ ಆಗಿದ್ದು ನಮ್ಮ ‘ನೀವು’ಗೆ ಆಗಿದ್ದೇ. ಮೊದಲು ಅದು ಬಹುವಚನ, ಆಮೇಲೆ ಮರ್ಯಾದೆಗೆ ಒಬ್ಬರಿಗೂ ಬಂತು, ಕೊನೆಗೆ ‘ನೀನು’ ಅನ್ನೋ ಅರ್ಥದ ‘ದೌ’ ದಿನಬಳಕೆಯಿಂದಲೇ ಹೋಯ್ತು. ಮೂರನೆಯವರ ವಿಷಯದಲ್ಲಿ ಹಾಗಾಗಲಿಲ್ಲ. ಟೀಚರಮ್ಮನನ್ನ ‘ಶಿ’ ಅಂದ್ರೆ ಏಕವಚನದ ಅವಮಾನ ಅಲ್ಲ. ಮನಸ್ಸಿಗೆ ಒಪ್ಪಲ್ವಾ? ‘ಮಿಸೆಸ್’ ಅಥವಾ ‘ಮೇಡಂ’ ಸೇರಿಸಿ ಹೆಸರನ್ನೇ ಮತ್ತೆ ಬರೀರಿ.

ಅನುವಾದ ಆ್ಯಪ್‌ಗಳಿಗೂ ಇದೇ ತಲೆನೋವು. “ಬಂದರು, ಕೊಟ್ಟರು, ಹೋದರು” ಅಂತ ಕನ್ನಡದಲ್ಲಿ ಟೈಪ್ ಮಾಡಿದ್ರೆ ಬಂದದ್ದು ಒಬ್ಬರೋ ಹತ್ತು ಜನವೋ, ಗಂಡಸೋ ಹೆಂಗಸೋ, ಆ ಮಾತಿನಲ್ಲೇ ಇಲ್ಲ. ಆ್ಯಪ್ ಊಹೆ ಮಾಡ್ಬೇಕು. ಕನ್ನಡದಲ್ಲೇ ಹೆಸರು ಸೇರಿಸಿ ಟೈಪ್ ಮಾಡಿ, ಬಂದ ಇಂಗ್ಲಿಷ್‌ನಲ್ಲಿ ಸರ್ವನಾಮಗಳನ್ನ ಒಂದೊಂದಾಗಿ ನೋಡಿ, ಆಮೇಲೆ ಸೆಂಡ್ ಒತ್ತಿ.

‘ಇಟ್’ ಕಡೆ ಬರೋಣ. ನರಸಾಪುರದಲ್ಲೋ ಮಾಲೂರಿನ ಕೈಗಾರಿಕಾ ಪ್ರದೇಶದಲ್ಲೋ ಒಂದು ಕಾರ್ಖಾನೆ ಅಂತ ಕಲ್ಪಿಸಿಕೊಳ್ಳಿ. ಶಿಫ್ಟ್ ಬದಲಾಗುವಾಗ ಬರೆದ ನೋಟ್: “ರಿಮೂವ್ಡ್ ದ ಟ್ರೇ ಫ್ರಮ್ ದ ಮಷಿನ್ ಅಂಡ್ ಕ್ಲೀನ್ಡ್ ಇಟ್.” ತೊಳೆದದ್ದು ಟ್ರೇನಾ ಮಷಿನ್ನಾ? ಬರೆದವರಿಗೆ ಗೊತ್ತು. ಮುಂದಿನ ಪಾಳಿಯವರು ಮಷಿನ್ ಕ್ಲೀನ್ ಆಗಿದೆ ಅಂತ ಸ್ವಿಚ್ ಹಾಕ್ತಾರೆ. ನಿಜ ಹೇಳ್ಬೇಕು ಅಂದ್ರೆ, “ಮಷಿನ್‌ನಿಂದ ಟ್ರೇ ತೆಗೆದು ಕ್ಲೀನ್ ಮಾಡಿದೆ” ಅನ್ನೋ ಕನ್ನಡವೂ ಇಲ್ಲಿ ಪೂರ್ತಿ ಕಾಪಾಡಲ್ಲ. ಎರಡು ವಸ್ತು ಒಂದೇ ವಾಕ್ಯದಲ್ಲಿ ಬಂದಾಗ ಯಾವ ಭಾಷೆಯಾದ್ರೂ ಎಚ್ಚರ ಬೇಕು. “ಕ್ಲೀನ್ಡ್ ದ ಟ್ರೇ” ಅಂತ ಬರೆಯೋಕೆ ಹೆಚ್ಚು ಬೇಕಾಗಿದ್ದು ಒಂದೇ ಪದ.

ಮಾವಿನ ಸೀಸನ್‌ನಲ್ಲಿ ಶ್ರೀನಿವಾಸಪುರದಿಂದ ಹೊರರಾಜ್ಯಕ್ಕೆ ಲೋಡ್ ಹೋಗುವಾಗ ಭಾಷೆ ಬಾರದ ವ್ಯಾಪಾರಿಗೆ ಇಂಗ್ಲಿಷ್‌ನಲ್ಲೇ ಮೆಸೇಜ್ ಹಾಕ್ಬೇಕಲ್ಲ. “ವಿ ಸೆಂಟ್ ಬಾದಾಮಿ ಅಂಡ್ ತೋತಾಪುರಿ. ದೇ ಆರ್ ರೈಪ್, ಸೆಲ್ ಟುಡೇ.” ‘ದೇ’ ಅಂದ್ರೆ ಎರಡೂನಾ, ಬಾದಾಮಿ ಮಾತ್ರನಾ? ಪಲ್ಪ್‌ಗೆ ಅಂತ ಕಳಿಸಿದ ತೋತಾಪುರಿಯನ್ನೂ ಅವನು ಇವತ್ತೇ ಸಿಕ್ಕ ಬೆಲೆಗೆ ಮಾರಿಬಿಟ್ರೆ? “ದ ಬಾದಾಮಿ ಈಸ್ ರೈಪ್” ಅಂದಿದ್ರೆ ಮುಗೀತಿತ್ತು.

‘ದಿಸ್’ ಇನ್ನೂ ಅಪಾಯ, ಯಾಕಂದ್ರೆ ಅದು ಒಂದು ಹೆಸರಲ್ಲ, ಇಡೀ ಕಥೆಯನ್ನೇ ತೋರಿಸುತ್ತೆ. ಕೋಲಾರ ಎಪಿಎಂಸಿಯಿಂದ ಹೊರಟ ಟೊಮೆಟೊ ಲಾರಿ. “ದ ಲಾರಿ ರೀಚ್ಡ್ ಲೇಟ್ ಅಂಡ್ ಸಮ್ ಬಾಕ್ಸಸ್ ಗಾಟ್ ಸ್ಪಾಯಿಲ್ಡ್. ದಿಸ್ ಈಸ್ ಯುವರ್ ರೆಸ್ಪಾನ್ಸಿಬಿಲಿಟಿ.” ಯಾವುದು? ತಡ ಆದದ್ದಾ, ಹಣ್ಣು ಕೆಟ್ಟದ್ದಾ, ನಷ್ಟ ಕಟ್ಟಿಕೊಡೋದಾ? 2023ರ ಜುಲೈನಲ್ಲಿ ಇಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ರೇಟಲ್ಲಿ 20 ಬಾಕ್ಸ್ ಅಂದ್ರೆ 40,000. ಅಷ್ಟು ದುಡ್ಡಿನ ತಕರಾರು ಒಂದು ‘ದಿಸ್’ ಮೇಲೆ ನಿಂತ್ರೆ ಕಷ್ಟ. ‘ದಿಸ್’ ಪಕ್ಕ ಒಂದು ಹೆಸರು ಕೂರಿಸಿ: ‘ದಿಸ್ ಡಿಲೇ’, ‘ದಿಸ್ ಲಾಸ್’. ‘ವಿಚ್’ಗೂ ಇದೇ ಔಷಧಿ.

ಕಾನೂನು ಬರೆಯೋರಿಗೆ ಈ ಭಯ ಯಾವಾಗಲೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 2ನೇ ಸೆಕ್ಷನ್‌ನಲ್ಲೇ ಹೇಳಿಬಿಡುತ್ತೆ: ಇಲ್ಲಿ ‘ಹಿ’ ಅಂದ್ರೆ ಗಂಡು, ಹೆಣ್ಣು, ಟ್ರಾನ್ಸ್‌ಜೆಂಡರ್ ಯಾರಾದ್ರೂ ಆಗಬಹುದು ಅಂತ. 1860ರ ಹಳೇ ದಂಡಸಂಹಿತೆಯಲ್ಲಿ ಗಂಡು, ಹೆಣ್ಣು ಅಂತಷ್ಟೇ ಇತ್ತು. ಒಂದು ಸರ್ವನಾಮಕ್ಕೆ ಕಾಯ್ದೆಯೊಳಗೇ ವ್ಯಾಖ್ಯಾನ!

ಅಷ್ಟು ದೂರ ಯಾಕೆ, ಮನೆಯಲ್ಲಿ ಜಮೀನಿನ ಕ್ರಯಪತ್ರ ಇದ್ರೆ ತೆಗೆದು ನೋಡಿ. ‘ಸದರಿ ಸ್ವತ್ತು’, ‘ಸದರಿಯವರು’, ‘ಮೇಲ್ಕಂಡ ಷೆಡ್ಯೂಲು’ ಅಂತ ಪುಟಗಟ್ಟಲೆ ಇರುತ್ತೆ. ಓದಿ ನಗ್ತೀವಿ. ಆದ್ರೆ ಆ ‘ಸದರಿ’ ಮಾಡ್ತಿರೋದು ಇದೇ ಕೆಲಸ. ‘ಅದು’ ಅಂತ ಬಿಟ್ರೆ ನಾಳೆ ಪಕ್ಕದ ಸರ್ವೆ ನಂಬರಿಗೂ ಅಂಟಿಕೊಳ್ಳಬಹುದು, ‘ಸದರಿ ಸ್ವತ್ತು’ ಅಂದ್ರೆ ಅಂಟಲ್ಲ. ನಿಮ್ಮ ಮೇಲ್‌ಗೆ ಅಷ್ಟು ‘ಸದರಿ’ ಬೇಡ. ಗೊಂದಲ ಬರೋ ಜಾಗದಲ್ಲಿ ಮಾತ್ರ ಹೆಸರು ಸಾಕು.

ಎಲ್ಲಾ ಕಡೆ ಹೆಸರೇ ಹಾಕಿದ್ರೂ ಓದೋಕೆ ಆಗಲ್ಲ. “ರವಿ ರವಿಯ ಬೈಕ್‌ನಲ್ಲಿ ರವಿಯ ಊರಿಗೆ ಹೋದ” ಅಂದ ಹಾಗಿರುತ್ತೆ. ವಾಕ್ಯದಲ್ಲಿ ಒಬ್ಬನೇ ಗಂಡಸು ಇದ್ರೆ ‘ಹಿ’ ಧಾರಾಳವಾಗಿ ಬಳಸಿ. ಒಬ್ಬ ಗಂಡಸು, ಒಬ್ಬ ಹೆಂಗಸು, ಒಂದು ವಸ್ತು ಇದ್ರೂ ಚಿಂತೆಯಿಲ್ಲ, ಮೂರಕ್ಕೂ ಬೇರೆ ಬೇರೆ ಪದ ಇದೆ. ಒಂದೇ ಬಗೆಯ ಇಬ್ಬರು ಬಂದ್ರೆ ನಿಲ್ಲಿ. ಕಳಿಸೋ ಮುಂಚೆ ಪ್ರತಿ ‘ಹಿ’, ‘ಶಿ’, ‘ದೇ’ ಮುಂದೆ “ಯಾರು?”, ‘ಇಟ್’, ‘ದಿಸ್’ ಮುಂದೆ “ಯಾವುದು?” ಅಂತ ಕನ್ನಡದಲ್ಲೇ ಕೇಳ್ಕೊಳ್ಳಿ. ಎರಡು ಉತ್ತರ ಬಂದ ಜಾಗದಲ್ಲಿ ಹೆಸರು ಬರೀರಿ. ಉತ್ತರವೇ ಬರದಿದ್ರೆ ಆ ಹೆಸರು ನಿಮ್ಮ ತಲೆಯಲ್ಲೇ ಉಳಿದಿದೆ, ಮೇಲ್‌ಗೆ ಇನ್ನೂ ಇಳಿದಿಲ್ಲ.