ಹಳೆಯ ಟರ್ಬೊ ಕಾರಿಗೆ ಹೊಸ ಇಂಟರ್‌ಕೂಲರ್: ವೆಚ್ಚಕ್ಕೆ ತಕ್ಕ ಪ್ರತಿಫಲ ಉಂಟೆ?

ನಮ್ಮ ವ್ಯಾಪಾರಿ ಹಾಗೂ ಉದ್ದಿಮೆದಾರ ಬಂಧುಗಳಲ್ಲಿ ಅನೇಕರು ಹಳೆಯ ಕಾರನ್ನು ಸುಲಭವಾಗಿ ಕೈಬಿಡುವವರಲ್ಲ. ಸಾಲ ತೀರಿರುತ್ತದೆ, ಸವಕಳಿ ಕಳೆದು ಲೆಕ್ಕದ ಪುಸ್ತಕದಲ್ಲಿ ಉಳಿದಿರುವ ಬೆಲೆ ಅಲ್ಪ, ಆದರೆ ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ. ಅಂತಹ ಟರ್ಬೊ ಕಾರು ಘಟ್ಟವೇರುವಾಗ ಸೊರಗಿದರೆ ಗ್ಯಾರೇಜಿನಲ್ಲಿ ದೊರೆಯುವ ಸಲಹೆ ಸಾಮಾನ್ಯವಾಗಿ ಒಂದೇ: "ದೊಡ್ಡ ಇಂಟರ್‌ಕೂಲರ್ ಹಾಕಿಸಿ."

ಈ ಸಲಹೆ ನನಗೂ ದೊರೆಯಿತು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅಂಕೋಲಾ ಕಡೆಯಿಂದ ಅರೆಬೈಲು ಘಟ್ಟವನ್ನೇರುವಾಗ ನನ್ನ ಹಳೆಯ ಟರ್ಬೊ ಪೆಟ್ರೋಲ್ ಕಾರು ಲಾರಿಗಳನ್ನು ಹಿಂದಿಕ್ಕಲಾರದೆ ಏದುಸಿರು ಬಿಟ್ಟಿತು. ಊರಿಗೆ ಮರಳಿದ ಮೇಲೆ ಗ್ಯಾರೇಜಿನವರು 52,000 ರೂಪಾಯಿಗಳ ಅಂದಾಜು ಪಟ್ಟಿಯನ್ನು ಕೈಗಿತ್ತರು. ಕಕ್ಷಿದಾರರ ಬಂಡವಾಳ ವೆಚ್ಚದ ಪ್ರಸ್ತಾವಗಳನ್ನು ಪರಿಶೀಲಿಸುವ ರೀತಿಯಲ್ಲಿಯೇ ಇದನ್ನೂ ಪರಿಶೀಲಿಸಲು ಕುಳಿತೆ.

ಇಂಟರ್‌ಕೂಲರಿನ ಕೆಲಸವೇನು?

ಸೈಕಲ್ ಪಂಪಿನಿಂದ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಟರ್ಬೊಚಾರ್ಜರ್ ಗಾಳಿಯನ್ನು ಒತ್ತುವಾಗಲೂ ಹೀಗೆಯೇ ಆಗುತ್ತದೆ. ಬಿಸಿಗಾಳಿ ಹಿಗ್ಗುವುದರಿಂದ ಸಿಲಿಂಡರಿಗೆ ಸೇರುವ ಆಮ್ಲಜನಕದ ಪ್ರಮಾಣ ತಗ್ಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನವು ಅಕಾಲದಲ್ಲಿ ಸಿಡಿಯುವ ಭಯವೂ ಉಂಟು. ಆಗ ಎಂಜಿನ್ನಿನ ನಿಯಂತ್ರಣ ಘಟಕವು ಕಿಡಿಯ ಕಾಲವನ್ನು ಹಿಂದೂಡಿ ಶಕ್ತಿಯನ್ನು ಕಡಿಮೆ ಮಾಡುತ್ತದೆ. ಟರ್ಬೊವಿಗೂ ಎಂಜಿನ್ನಿಗೂ ನಡುವೆ ಈ ಗಾಳಿಯನ್ನು ತಣಿಸುವ ಅಲ್ಯೂಮಿನಿಯಂ ಸಾಧನವೇ ಇಂಟರ್‌ಕೂಲರ್. ಲಾರಿಗಳ ಮೇಲೆ ಕಾಣುವ 'ಟಿಸಿಐಸಿ' ಎಂಬ ಅಕ್ಷರಗಳು ಟರ್ಬೊ, ಇಂಟರ್‌ಕೂಲರ್ ಎರಡೂ ಇರುವುದನ್ನೇ ಸೂಚಿಸುತ್ತವೆ.

2000ದ ದಶಕದಲ್ಲಿ ನಮ್ಮಲ್ಲಿ ಮಾರಾಟವಾದ ಸ್ಕೋಡಾ ಆಕ್ಟೇವಿಯಾದ 1.8 ಲೀಟರ್ ಟರ್ಬೊ ಪೆಟ್ರೋಲ್ ಮಾದರಿಯಲ್ಲಿ ಇದು ಬಂಪರಿನ ಹಿಂದೆ ಒಂದು ಮೂಲೆಯಲ್ಲಿ, ಚಕ್ರದ ಗೂಡಿನ ಬಳಿ ಇರುವ ಸಣ್ಣ ಘಟಕ. ಇಂತಹ ಕಾರುಗಳಿಗೆ ರೇಡಿಯೇಟರಿನ ಮುಂದೆ ಅಗಲವಾದ ಘಟಕವನ್ನು ಕೂರಿಸುವುದೇ ಗ್ಯಾರೇಜುಗಳು ಸೂಚಿಸುವ ಮಾರ್ಪಾಡು.

ಲೆಕ್ಕ ಏನನ್ನು ಹೇಳುತ್ತದೆ?

ಹೊರಗಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್, ಟರ್ಬೊ ಗಾಳಿಯನ್ನು 1.7 ಪಟ್ಟು ಒತ್ತುತ್ತದೆ, ಟರ್ಬೊವಿನ ದಕ್ಷತೆ ಶೇ. 70 ಎಂದಿಟ್ಟುಕೊಳ್ಳೋಣ. ಹೊರಬರುವ ಗಾಳಿ ಸುಮಾರು 101 ಡಿಗ್ರಿಗೆ ಏರಿರುತ್ತದೆ. ಹೀಗೆ ಏರಿದ 71 ಡಿಗ್ರಿಗಳಲ್ಲಿ ಶೇ. 70ನ್ನು ಇಳಿಸಬಲ್ಲ ಇಂಟರ್‌ಕೂಲರ್ ಅದನ್ನು 51 ಡಿಗ್ರಿಗೆ ತರುತ್ತದೆ. ಇಂಟರ್‌ಕೂಲರೇ ಇಲ್ಲದ ಸ್ಥಿತಿಗೆ ಹೋಲಿಸಿದರೆ ಗಾಳಿಯ ಸಾಂದ್ರತೆ ಸುಮಾರು ಶೇ. 15ರಷ್ಟು ಹೆಚ್ಚುತ್ತದೆ. ಇನ್ನು ಶೇ. 85 ಇಳಿಸಬಲ್ಲ ದೊಡ್ಡ ಘಟಕ ಹಾಕಿದರೆ ಗಾಳಿ 41 ಡಿಗ್ರಿಗೆ ಬರುತ್ತದೆ. ಆದರೆ ಸಾಂದ್ರತೆಯಲ್ಲಿ ಹೊಸದಾಗಿ ದೊರೆಯುವ ಹೆಚ್ಚಳ ಶೇ. 3 ಮಾತ್ರ.

ಇದು ಜಮೆಯ ಬದಿ. ಖರ್ಚಿನ ಬದಿಯಲ್ಲಿ ಒತ್ತಡದ ನಷ್ಟವಿದೆ. ಕಳಪೆಯಾಗಿ ತಯಾರಿಸಿದ ಘಟಕದಲ್ಲಿಯೂ ಉದ್ದನೆಯ ಕೊಳವೆಗಳಲ್ಲಿಯೂ ಹಿಂದಿಗಿಂತ 0.1 ಬಾರ್‌ನಷ್ಟು ಹೆಚ್ಚು ಒತ್ತಡ ಸೋರಿಹೋದರೆ ಸಾಂದ್ರತೆಯಲ್ಲಿ ಸುಮಾರು ಶೇ. 6 ನಷ್ಟ. ಅಂದರೆ ಹಣ ವ್ಯಯಿಸಿ ಶಕ್ತಿಯನ್ನು ಕಳೆದುಕೊಂಡಂತಾಯಿತು.

ಹಾಗಾದರೆ ದೊಡ್ಡ ಇಂಟರ್‌ಕೂಲರ್ ವ್ಯರ್ಥವೆ? ಅಲ್ಲ. ಸತತವಾಗಿ ಘಟ್ಟವೇರುವಾಗ ಸಣ್ಣ ಘಟಕ ತಾನೇ ಕಾದುಹೋಗುತ್ತದೆ. ಅದರ ಸಾಮರ್ಥ್ಯ ಶೇ. 45ಕ್ಕೆ ಕುಸಿದರೆ ಗಾಳಿ 69 ಡಿಗ್ರಿಯಲ್ಲಿರುತ್ತದೆ; ಆಗ ದೊಡ್ಡ ಘಟಕದ ಮೇಲುಗೈ ಸುಮಾರು ಶೇ. 9. ನಿಯಂತ್ರಣ ಘಟಕದ ತಂತ್ರಾಂಶವನ್ನು ಬದಲಿಸಿ ಟರ್ಬೊ ಒತ್ತಡವನ್ನು ಹೆಚ್ಚಿಸಿದವರಿಗೂ ಇದು ಅಗತ್ಯವೇ ಸರಿ. ಮೂಲ ಸ್ಥಿತಿಯಲ್ಲಿರುವ ಕಾರಿನಲ್ಲಿ ಮಾತ್ರ ಹೊಸ ಶಕ್ತಿ ಹುಟ್ಟುವುದಕ್ಕಿಂತ ಇರುವ ಶಕ್ತಿ ಬಿಸಿಲಿನಲ್ಲಿಯೂ ಉಳಿಯುತ್ತದೆ ಎನ್ನುವುದೇ ಸರಿಯಾದ ಮಾತು. ಅಗಲವಾದ ಘಟಕವು ಹವಾನಿಯಂತ್ರಕದ ಕಂಡೆನ್ಸರಿಗೂ ರೇಡಿಯೇಟರಿಗೂ ಹೋಗುವ ಗಾಳಿಯನ್ನು ತಡೆಯಬಹುದೆಂಬುದನ್ನೂ ಮರೆಯಬಾರದು.

ಕಾನೂನು ಮತ್ತು ತೆರಿಗೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣವು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತಹ ಬದಲಾವಣೆಯನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದ್ದರಿಂದ ಸಾರಿಗೆ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸುವುದೂ, ಮಾರ್ಪಾಡನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದೂ ಕ್ಷೇಮ. ಮಾಹಿತಿ ನೀಡದಿದ್ದರೆ ಅಪಘಾತದ ಕ್ಲೇಮಿನ ಸಮಯದಲ್ಲಿ ತಕರಾರು ಏಳಬಹುದು.

ಕಾರು ವ್ಯವಹಾರದ ಆಸ್ತಿಯಾಗಿದ್ದರೆ ಮತ್ತೊಂದು ಪ್ರಶ್ನೆ ಇದೆ. ಕೆಟ್ಟ ಭಾಗದ ಬದಲಿಗೆ ಅಂತಹುದೇ ಭಾಗ ಹಾಕಿಸಿದರೆ ಅದು ಚಾಲ್ತಿ ದುರಸ್ತಿ. ಹೊಸ ಅನುಕೂಲವನ್ನು ತರುವ ಮಾರ್ಪಾಡನ್ನು ಬಂಡವಾಳ ವೆಚ್ಚವೆಂದು ಪರಿಗಣಿಸುವ ಸಂಭವವಿದೆ. ಇರುವ ಆಸ್ತಿಯನ್ನು ಕಾಪಾಡುವುದೇ ಚಾಲ್ತಿ ದುರಸ್ತಿಯ ಲಕ್ಷಣವೆಂದು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ದುರಸ್ತಿಗೆ ತೆತ್ತ ಜಿಎಸ್‌ಟಿಯ ಹೂಡುವಳಿ ಜಮೆಯೂ ಸಾಮಾನ್ಯವಾಗಿ ದೊರೆಯದು. ಅಂದಾಜು ಪಟ್ಟಿಯ ತೆರಿಗೆ ಮೊತ್ತವನ್ನು ವೆಚ್ಚದಲ್ಲಿಯೇ ಸೇರಿಸಿ ಲೆಕ್ಕ ಹಾಕತಕ್ಕದ್ದು.

ಮೊದಲು ಮಾಡಬೇಕಾದದ್ದು

ಕೊಳ್ಳುವ ಮೊದಲು ಈ ಕ್ರಮವನ್ನು ಅನುಸರಿಸುವುದು ಒಳಿತು:

1. ಟರ್ಬೊವಿನಿಂದ ಎಂಜಿನ್ನಿನವರೆಗಿನ ಕೊಳವೆಗಳಿಗೆ ಮಿತವಾದ ಒತ್ತಡದಲ್ಲಿ ಗಾಳಿ ತುಂಬಿ, ಪಂಕ್ಚರ್ ಹುಡುಕುವಂತೆ ಸಾಬೂನು ನೀರು ಸವರಿ ಸೋರಿಕೆಯನ್ನು ಪರೀಕ್ಷಿಸಬೇಕು.

2. ಹಳೆಯ ಇಂಟರ್‌ಕೂಲರಿನ ರೆಕ್ಕೆಗಳಲ್ಲಿ ಸೇರಿದ ಕೆಸರು, ಒಳಗೆ ಸಂಗ್ರಹವಾದ ಎಣ್ಣೆ ಎರಡನ್ನೂ ತೆಗೆಸಬೇಕು. ಎಣ್ಣೆ ಅತಿಯಾಗಿದ್ದರೆ ಟರ್ಬೊವನ್ನೇ ಪರೀಕ್ಷಿಸಬೇಕು.

3. ಆಮೇಲೂ ಬಯಸಿದಲ್ಲಿ, ಹೊಸ ಘಟಕದಲ್ಲಿ ಎಷ್ಟು ಒತ್ತಡ ನಷ್ಟವಾಗುತ್ತದೆಂಬ ಅಂಕಿಯನ್ನು ಮಾರಾಟಗಾರರಿಂದ ಲಿಖಿತವಾಗಿ ಕೇಳಬೇಕು. ಬರಿಯ ಗಾತ್ರ ಪ್ರಮಾಣವಲ್ಲ.

ನನ್ನ ಕಾರಿನ ಕಥೆ ಮೊದಲನೆಯ ಹಂತದಲ್ಲಿಯೇ ಮುಗಿಯಿತು. ಮತ್ತೊಬ್ಬ ಹಿರಿಯ ಮೆಕ್ಯಾನಿಕ್ ಸಾಬೂನು ನೀರು ಸವರಿದಾಗ ಇಂಟರ್‌ಕೂಲರಿನ ಕೆಳಗಿನ ರಬ್ಬರ್ ಹೋಸಿನಲ್ಲಿ ಗುಳ್ಳೆಗಳೆದ್ದವು. ವಯಸ್ಸಾದ ರಬ್ಬರು ಬೆರಳುದ್ದ ಸೀಳಿತ್ತು. ಟರ್ಬೊ ಒತ್ತಿದ ಗಾಳಿ ಎಂಜಿನ್ನಿಗೆ ತಲಪುವ ಮೊದಲೇ ಹೊರಹೋಗುತ್ತಿತ್ತು. ಆ ಹೋಸಿನ ತುದಿಗೆ ಎಷ್ಟು ದೊಡ್ಡ ಇಂಟರ್‌ಕೂಲರನ್ನು ಜೋಡಿಸಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಹೊಸ ಹೋಸು, ಎರಡು ಕ್ಲಿಪ್ಪುಗಳು, ಕೂಲಿ ಎಲ್ಲ ಸೇರಿ 3,800 ರೂಪಾಯಿ. ಅದನ್ನು ವಾಹನ ದುರಸ್ತಿ ಖಾತೆಗೆ ಬರೆದೆ.

ಮೇ ತಿಂಗಳಲ್ಲಿ ಅದೇ ಘಟ್ಟವನ್ನು ಮತ್ತೆ ಏರಿದೆ. ಕೊನೆಯ ತಿರುವುಗಳಲ್ಲಿ ಶಕ್ತಿ ಕೊಂಚ ಕುಗ್ಗುವುದು ನಿಜ. ಆದರೆ ಲಾರಿಗಳು ಹಿಂದುಳಿದವು. ಆ ಕೊಂಚಕ್ಕಾಗಿ 52,000 ರೂಪಾಯಿ ಹಾಕಬೇಕೆ ಎಂಬುದನ್ನು ಇನ್ನೂ ನಿರ್ಧರಿಸಿಲ್ಲ. ಅಂದಾಜು ಪಟ್ಟಿ ಕಡತದಲ್ಲಿಯೇ ಇದೆ.