ಹಳೆ ಲ್ಯಾಂಡ್ ಕ್ರೂಸರ್‌ಗೆ ಸೂಪರ್‌ಚಾರ್ಜರ್: ಮೊದಲು ಎಂಜಿನ್ ನೋಡಿ

ಮಸ್ಕತ್: ಶುಕ್ರವಾರದ ರಜೆ ಬಂತೆಂದರೆ ಇಲ್ಲಿನ ಕನ್ನಡಿಗರಾದ ನಾವು ಕೆಲವರು ವಹೀಬಾ ಮರಳುಗಾಡಿಗೆ ಹೊರಡುತ್ತೇವೆ. ದಿಬ್ಬ ಏರುವಾಗ 1990ರ ದಶಕದ ಲ್ಯಾಂಡ್ ಕ್ರೂಸರ್‌ನ 4.5 ಲೀಟರ್ ಪೆಟ್ರೋಲ್ ಎಂಜಿನ್ ಏದುಸಿರು ಬಿಡುತ್ತದೆ. ಹಾಗಾಗಿ ಮನೆಯಲ್ಲೇ ಸೂಪರ್‌ಚಾರ್ಜರ್ ಕೂರಿಸುವ ಉತ್ಸಾಹ.

ಎಂಜಿನ್ನಿನ ಬೆಲ್ಟ್‌ನಿಂದಲೇ ತಿರುಗುವ ಇದು ಸಿಲಿಂಡರ್‌ಗೆ ಹೆಚ್ಚು ಗಾಳಿ ಒತ್ತುತ್ತದೆ. ಜೋಡಿಸುವುದು ನಟ್ಟು–ಬೋಲ್ಟಿನ ಕೆಲಸ. ಕಷ್ಟವಿರುವುದು ಪೆಟ್ರೋಲ್ ಲೆಕ್ಕದಲ್ಲಿ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸೇರದಿದ್ದರೆ ನಾಕಿಂಗ್ ಶುರುವಾಗಿ ಪಿಸ್ಟನ್ನಿಗೇ ಕುತ್ತು. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ನಾಡಿದು, ಅಪಾಯ ಇನ್ನೂ ಹೆಚ್ಚು. ಎಂಜಿನ್ ಹೋದರೆ ಊರಿಗೆ ಕಳಿಸುವ ದುಡ್ಡಿಗೇ ಕತ್ತರಿ! ಅದಕ್ಕೇ ಮೊದಲು ಕಂಪ್ರೆಷನ್ ಪರೀಕ್ಷೆ, ರೇಡಿಯೇಟರ್ ದುರಸ್ತಿ ಎನ್ನುತ್ತೇವೆ ನಾವು.

ಎಂಜಿನ್ ಮಾರ್ಪಾಡಿಗೆ ರಾಯಲ್ ಒಮಾನ್ ಪೊಲೀಸರ ಅನುಮತಿ ಬೇಕು. ಇಲ್ಲದಿದ್ದರೆ ಮುಲ್ಕಿಯಾ, ಅಂದರೆ ವಾಹನದ ನೋಂದಣಿ, ನವೀಕರಣಕ್ಕೆ ತೊಡಕಾದೀತು.