ಫಿರಂಗಿ ಎಳೆದ ನೇಗಿಲ ಯಂತ್ರ

ಯುದ್ಧವಾಹನಗಳ ಪುಟಾಣಿ ಮಾದರಿಗಳನ್ನು ಜೋಡಿಸುವುದು ಜಗತ್ತಿನ ಅನೇಕ ಕಡೆ ಸಾವಿರಾರು ಜನರ ಹವ್ಯಾಸ. ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ, ಬಣ್ಣ ಬಳಿದು, ಮೂಲ ವಾಹನದ ಒಂದೊಂದು ತಿರುಪನ್ನೂ ಕಾಣಿಸುವ ಈ ಕೆಲಸಕ್ಕೆ ತಾಳ್ಮೆಯೊಂದೇ ಸಾಲದು, ಇತಿಹಾಸದ ಓದೂ ಬೇಕು. ಮೂಲ ವಾಹನದ ಮೂವತ್ತೈದನೇ ಒಂದು ಅಳತೆಯ ಮಾದರಿಗಳು ಈ ಹವ್ಯಾಸದಲ್ಲಿ ಬಹಳ ಜನಪ್ರಿಯ. ಈ ಅಳತೆಯ ಹಿಂದೆ ಯಾವ ಶಾಸ್ತ್ರವೂ ಇಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪೆನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿ ತಯಾರಿಸಿದಾಗ ಅದರ ಹೊಟ್ಟೆಯಲ್ಲಿ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಅದಕ್ಕೆ ತಕ್ಕಂತೆ ಬಂದ ಅಳತೆಯೇ ಮುಂದೆ ರೂಢಿಯಾಯಿತು.

ಮಾದರಿಗಳ ಕಪಾಟಿನಲ್ಲಿ ಟ್ಯಾಂಕುಗಳಿಗೇ ಅಗ್ರಸ್ಥಾನ. ಎರಡನೇ ಮಹಾಯುದ್ಧದ ಸೋವಿಯತ್ ಸೇನೆ ಎಂದರೆ ಟಿ-34 ಟ್ಯಾಂಕು, ಕತ್ಯೂಷಾ ರಾಕೆಟ್ಟು ಎಂಬಂತಾಗಿದೆ. ಆದರೆ ಆ ಸೇನೆಯ ದೊಡ್ಡ ಬಲ ಇದ್ದದ್ದು ಫಿರಂಗಿಗಳಲ್ಲಿ. ಫಿರಂಗಿದಳವನ್ನು ‘ಯುದ್ಧದ ದೇವರು’ ಎಂದು ಕರೆಯುವ ವಾಡಿಕೆಯೇ ಅಲ್ಲಿತ್ತು. ಈ ದೇವರು ತಾನಾಗಿ ನಡೆಯುವವನಲ್ಲ. ಜಾತ್ರೆಯಲ್ಲಿ ತೇರಿನ ಮೇಲಿನ ಉತ್ಸವಮೂರ್ತಿಗೆ ಎಲ್ಲರೂ ಕೈಮುಗಿಯುತ್ತಾರೆ, ಹಗ್ಗ ಹಿಡಿದು ಎಳೆದವರ ಹೆಸರನ್ನು ಯಾರೂ ಕೇಳುವುದಿಲ್ಲ. ಸೋವಿಯತ್ ಫಿರಂಗಿಗಳ ಹಗ್ಗ ಹಿಡಿದದ್ದು ಕುದುರೆಗಳು ಮತ್ತು ಟ್ರ್ಯಾಕ್ಟರುಗಳು. ಈ ಟ್ರ್ಯಾಕ್ಟರುಗಳಲ್ಲಿ ಒಂದಕ್ಕೆ ಮಾತ್ರ ಕಪಾಟಿನಲ್ಲಿ ಜಾಗವಿದೆ ಎನ್ನುವುದಾದರೆ ಆ ಮಾನ ಯಾವುದಕ್ಕೆ ಸಲ್ಲಬೇಕು?

ಸ್ಪರ್ಧೆಯಲ್ಲಿ ಹಲವು ಹುರಿಯಾಳುಗಳಿದ್ದಾರೆ. ಮೊದಲನೆಯದು 1937ರಿಂದ 1941ರವರೆಗೆ ತಯಾರಾದ ‘ಕೊಮ್ಸೊಮೊಲೆಟ್ಸ್’. ಟ್ಯಾಂಕುಗಳನ್ನು ಹೊಡೆಯುವ 45 ಮಿ.ಮೀ. ತೋಪನ್ನು ಕದನದ ಮುಂಚೂಣಿಗೆ ಎಳೆದೊಯ್ಯಲೆಂದೇ ರೂಪಿಸಿದ ಪುಟ್ಟ ವಾಹನ. ಮುಂದೆ ಕೂರುವ ಇಬ್ಬರಿಗೆ ಉಕ್ಕಿನ ಕವಚ, ಒಂದು ಮಷೀನ್ ಗನ್. ತೋಪಿನ ಆರು ಮಂದಿ ಸಿಬ್ಬಂದಿ ಮಾತ್ರ ಹಿಂದುಗಡೆ ಬೆನ್ನಿಗೆ ಬೆನ್ನು ಕೊಟ್ಟು ತೆರೆದ ಬೆಂಚುಗಳ ಮೇಲೆ ಕೂರಬೇಕು! ಸುಮಾರು 7,700 ವಾಹನಗಳು ತಯಾರಾದವು. ನೋಡಲು ಮುದ್ದಾಗಿರುವ ಕಾರಣ ಮಾದರಿಕಾರರಿಗೆ ಇದರ ಮೇಲೆ ಪ್ರೀತಿ ಹೆಚ್ಚು.

ಎರಡನೆಯದು ಖಾರ್ಕೋವ್ ನಗರದ ‘ವೊರೊಶಿಲೊವೆಟ್ಸ್’. ಇದು ಟ್ರ್ಯಾಕ್ಟರುಗಳ ಪೈಕಿ ಗಜರಾಜ. ಟಿ-34 ಟ್ಯಾಂಕಿನ ಡೀಸೆಲ್ ಎಂಜಿನ್ನನ್ನೇ ಸ್ವಲ್ಪ ಶಕ್ತಿ ತಗ್ಗಿಸಿ ಇದಕ್ಕೆ ಅಳವಡಿಸಲಾಗಿತ್ತು. 375 ಅಶ್ವಶಕ್ತಿಯ ಈ ಯಂತ್ರ, ಸುಮಾರು 17 ಟನ್ ತೂಗುವ 203 ಮಿ.ಮೀ. ಹೊವಿಟ್ಜರನ್ನು ಎಳೆಯಬಲ್ಲದಾಗಿತ್ತು. ಆದರೆ ಅದರ ಶಕ್ತಿಯೇ ಅದಕ್ಕೆ ಮುಳುವಾಯಿತು. ಯುದ್ಧ ಆರಂಭವಾದ ಮೇಲೆ ಆ ಎಂಜಿನ್ನುಗಳೆಲ್ಲ ಟ್ಯಾಂಕುಗಳಿಗೇ ಬೇಕಾದವು. 1941ರ ಶರತ್ಕಾಲದಲ್ಲಿ ಕಾರ್ಖಾನೆಯೇ ಪೂರ್ವಕ್ಕೆ ಸ್ಥಳಾಂತರಗೊಂಡಿತು. ಅಲ್ಲಿಗೆ ಸುಮಾರು 1,100 ವಾಹನಗಳಿಗೆ ಇದರ ವಂಶ ಮುಗಿಯಿತು.

ಮೂರನೆಯದು ಸ್ಟಾಲಿನ್‌ಗ್ರಾಡ್ ಕಾರ್ಖಾನೆಯ ಎಸ್‌ಟಿಝಡ್-5. ಸುಮಾರು 50 ಅಶ್ವಶಕ್ತಿಯ ಸಾಧಾರಣ ಯಂತ್ರ. ಆದರೂ ಸುಮಾರು 10,000 ತಯಾರಾದವು, ಕೆಲವು ಬೆನ್ನ ಮೇಲೆ ಕತ್ಯೂಷಾ ರಾಕೆಟ್ಟುಗಳನ್ನೂ ಹೊತ್ತವು. 1942ರಲ್ಲಿ ಇದನ್ನು ತಯಾರಿಸುತ್ತಿದ್ದ ಕಾರ್ಖಾನೆಯೇ ರಣರಂಗವಾಯಿತು. ನಾಲ್ಕನೆಯದು 1943ರಲ್ಲಿ ಯಾರೊಸ್ಲಾವ್ಲ್‌ನಲ್ಲಿ ಆರಂಭವಾದ ಯಾ-12. ಇದರ ದೇಹ ರಷ್ಯದ್ದು, ಡೀಸೆಲ್ ಎಂಜಿನ್ ಅಮೆರಿಕದಿಂದ ನೆರವಾಗಿ ಬಂದದ್ದು. ಮಿತ್ರರಾಷ್ಟ್ರಗಳ ಸಹಕಾರಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಅಂದಕ್ಕೆ ಕೊಮ್ಸೊಮೊಲೆಟ್ಸ್, ಬಲಕ್ಕೆ ವೊರೊಶಿಲೊವೆಟ್ಸ್, ಶೌರ್ಯದ ಕಥೆಗೆ ಸ್ಟಾಲಿನ್‌ಗ್ರಾಡಿನ ಯಂತ್ರ ಎಂದು ಬಹುಮಾನ ಹಂಚಬಹುದು. ಆದರೆ ಮಾದರಿ ಎನ್ನುವುದು ನೆನಪಿನ ಒಂದು ರೂಪವೂ ಹೌದಾದರೆ, ಆ ಯುದ್ಧದ ಸತ್ಯವನ್ನು ಹೆಚ್ಚು ಹೊತ್ತ ಯಂತ್ರ ಯಾವುದೆಂದು ಕೇಳಬೇಕಾಗುತ್ತದೆ. ಆಗ ಉತ್ತರ ಬೇರೆಯೇ ಆಗುತ್ತದೆ. ಅದು ಯುದ್ಧಕ್ಕೆಂದು ಹುಟ್ಟದ ಎಸ್-65 ‘ಸ್ಟಾಲಿನೆಟ್ಸ್’.

ಉರಾಲ್ ಪರ್ವತದ ಮಗ್ಗುಲಿನ ಚೆಲ್ಯಾಬಿನ್ಸ್ಕ್‌ನಲ್ಲಿ 1933ರಲ್ಲಿ ಬೃಹತ್ ಟ್ರ್ಯಾಕ್ಟರ್ ಕಾರ್ಖಾನೆ ಆರಂಭವಾಯಿತು. ಅಲ್ಲಿ ಮೊದಲು ತಯಾರಾದದ್ದು ಅಮೆರಿಕದ ಕ್ಯಾಟರ್‌ಪಿಲ್ಲರ್ ಯಂತ್ರವನ್ನು ಅನುಸರಿಸಿದ ಎಸ್-60. 1937ರಲ್ಲಿ ಅದರ ಜಾಗಕ್ಕೆ ಡೀಸೆಲ್ ಎಂಜಿನ್ನಿನ ಎಸ್-65 ಬಂತು. ಅದೇ ವರ್ಷ ಪ್ಯಾರಿಸ್ಸಿನ ವಿಶ್ವ ವಸ್ತುಪ್ರದರ್ಶನದಲ್ಲಿ ಅದಕ್ಕೆ ಗ್ರ್ಯಾಂಡ್ ಪ್ರೀ ಬಹುಮಾನ ದೊರಕಿತು. 65 ಅಶ್ವಶಕ್ತಿ, ಸುಮಾರು 11 ಟನ್ ತೂಕ, ಬುಲ್ಡೋಜರಿನಂತೆ ಉಕ್ಕಿನ ಸರಪಳಿಗಳ ಮೇಲೆ ನಡಿಗೆ. ದೊಡ್ಡ ಎಂಜಿನ್ನನ್ನು ಎಬ್ಬಿಸಲು ಮೊದಲು ಪಕ್ಕದ ಪುಟ್ಟ ಪೆಟ್ರೋಲ್ ಎಂಜಿನ್ನನ್ನು ಚಾಲೂ ಮಾಡಬೇಕಿತ್ತು. ಗರಿಷ್ಠ ವೇಗ ಗಂಟೆಗೆ 7 ಕಿ.ಮೀ. ಮಾತ್ರ. ಹೊಲ ಉಳಲು ಅಷ್ಟು ಸಾಕು. 1941ರವರೆಗೆ 37,000ಕ್ಕೂ ಹೆಚ್ಚು ಯಂತ್ರಗಳು ಹೊರಬಂದವು.

ಈ ಟ್ರ್ಯಾಕ್ಟರುಗಳು ರೈತರ ಸ್ವಂತ ಆಸ್ತಿಯಾಗಿರಲಿಲ್ಲ. ಸರ್ಕಾರದ ಯಂತ್ರ-ಟ್ರ್ಯಾಕ್ಟರ್ ಕೇಂದ್ರಗಳು ಇವನ್ನು ಇಟ್ಟುಕೊಂಡು ಸುತ್ತಲಿನ ಸಾಮೂಹಿಕ ಕೃಷಿ ಕ್ಷೇತ್ರಗಳನ್ನು ಉತ್ತುಕೊಡುತ್ತಿದ್ದವು. ಪ್ರತಿಫಲ ಧಾನ್ಯರೂಪದಲ್ಲಿ ಸಲ್ಲುತ್ತಿತ್ತು. ಯುದ್ಧ ಬಂದರೆ ಇದೇ ಯಂತ್ರಗಳನ್ನು ಸೇನೆಗೆ ಸೆಳೆದುಕೊಳ್ಳುವುದು ಸೇನಾಡಳಿತದ ಲೆಕ್ಕಾಚಾರ. ಶಾಂತಿಕಾಲದಲ್ಲಿ ದಳಗಳ ಬಳಿ ಇದ್ದ ಟ್ರ್ಯಾಕ್ಟರುಗಳು ಅಗತ್ಯಕ್ಕಿಂತ ಬಹಳ ಕಡಿಮೆ. ಉಳಿದದ್ದು ಹೊಲದಿಂದ ಬರಬೇಕು.

1941ರ ಜೂನ್ 22ರಂದು ಜರ್ಮನಿ ದಾಳಿ ಮಾಡಿದಾಗ ಈ ಲೆಕ್ಕಾಚಾರ ತಲೆಕೆಳಗಾಯಿತು. ಹಳ್ಳಿಗಳಿಂದ ಯಂತ್ರಗಳನ್ನು ಕೂಡಿಸುವಷ್ಟರಲ್ಲಿ ಗಡಿಯೇ ದಾಟಿಹೋಗಿತ್ತು. ಬಂದ ಯಂತ್ರಗಳೂ ಏಳು ಟನ್ನಿನ 152 ಮಿ.ಮೀ. ಫಿರಂಗಿಯನ್ನು ಕಟ್ಟಿಕೊಂಡು, ಆಳಿನ ನಡಿಗೆಗಿಂತ ತುಸುವೇ ಜೋರಾಗಿ ತೆವಳುತ್ತಿದ್ದವು. ಬೆನ್ನಟ್ಟಿ ಬರುತ್ತಿದ್ದ ಶತ್ರುವಿಗೆ ಲಾರಿ, ಟ್ಯಾಂಕುಗಳ ವೇಗವಿತ್ತು. ಟ್ರ್ಯಾಕ್ಟರು ಕೆಟ್ಟು ನಿಂತಲ್ಲಿ, ಇಂಧನ ತೀರಿದಲ್ಲಿ ಫಿರಂಗಿಯೂ ನಿಂತಿತು. ಸಾವಿರಾರು ಫಿರಂಗಿಗಳು ಹೀಗೆ ಕೈಬಿಟ್ಟುಹೋದವು. ಸೆರೆಸಿಕ್ಕ ಟ್ರ್ಯಾಕ್ಟರುಗಳನ್ನು ಜರ್ಮನ್ನರು ತಮ್ಮ ತೋಪುಗಳಿಗೇ ಹೂಡಿದರು. ಕಳೆದುಕೊಂಡದ್ದನ್ನು ಮತ್ತೆ ತುಂಬಿಕೊಳ್ಳುವ ದಾರಿಯೂ ಮುಚ್ಚಿತು. ಲೆನಿನ್‌ಗ್ರಾಡ್, ಖಾರ್ಕೋವ್‌ಗಳಿಂದ ಬಂದ ಕಾರ್ಖಾನೆಗಳು ಚೆಲ್ಯಾಬಿನ್ಸ್ಕ್‌ನಲ್ಲಿ ಬೀಡುಬಿಟ್ಟು, ಆ ಊರು ‘ಟ್ಯಾಂಕೊಗ್ರಾಡ್’ ಎಂಬ ಅಡ್ಡಹೆಸರು ಪಡೆಯಿತು. ಟ್ಯಾಂಕುಗಳಿಗಾಗಿ ಎಸ್-65ರ ತಯಾರಿಕೆ ನಿಂತಿತು. ಆದರೂ ಅಳಿದುಳಿದ ಮುದಿ ಯಂತ್ರಗಳು ಕೆಸರು, ಹಿಮಗಳಲ್ಲಿ ಭಾರದ ಫಿರಂಗಿಗಳನ್ನು ಎಳೆಯುತ್ತಲೇ ಇದ್ದವು.

ಇತ್ತ ಹಳ್ಳಿಯಲ್ಲಿ ಏನಾಯಿತು? ಟ್ರ್ಯಾಕ್ಟರು ಹೋಯಿತು, ಅದನ್ನು ಓಡಿಸುತ್ತಿದ್ದ ಗಂಡಸೂ ಹೋದ, ಒಳ್ಳೆಯ ಕುದುರೆಗಳೂ ಹೋದವು. 1930ರ ದಶಕದಲ್ಲೇ ಮಹಿಳಾ ಟ್ರ್ಯಾಕ್ಟರ್ ತಂಡ ಕಟ್ಟಿ ಹೆಸರಾಗಿದ್ದ ಪ್ರಸ್ಕೊವ್ಯಾ ಅಂಗೆಲಿನಾ, 1938ರಲ್ಲಿ ಲಕ್ಷ ಮಂದಿ ಗೆಳತಿಯರು ಟ್ರ್ಯಾಕ್ಟರು ಏರಬೇಕೆಂದು ಕರೆ ಕೊಟ್ಟಿದ್ದಳು. ಯುದ್ಧ ಆ ಕರೆಯನ್ನು ಅನಿವಾರ್ಯ ಮಾಡಿತು. ಉಳಿದ ಹಳೆಯ ಯಂತ್ರಗಳ ಚಾಲಕಪೀಠಕ್ಕೆ ಹೆಂಗಸರು, ಹುಡುಗಿಯರು ಏರಿದರು. ಯಂತ್ರವೂ ಇಲ್ಲದ ಕಡೆ ಹಾಲು ಕರೆಯುವ ಹಸುವನ್ನು ನೊಗಕ್ಕೆ ಕಟ್ಟಿದರು. ಅದೂ ಇಲ್ಲದಲ್ಲಿ ಹೆಂಗಸರೇ ಹೆಗಲು ಕೊಟ್ಟು ನೇಗಿಲು ಎಳೆದರು. ಹಾಗೆ ಬೆಳೆದ ಧಾನ್ಯವೇ ರಣರಂಗದ ಸೈನಿಕನಿಗೆ ರೊಟ್ಟಿಯಾಯಿತು. ಬೆಳೆದವರ ಪಾಲಿಗೆ ಎಷ್ಟೋ ಕಡೆ ಅರೆಹೊಟ್ಟೆಯೇ ಗತಿಯಾಯಿತು.

ಎಸ್-65ರ ಮಾದರಿ ಮಾಡುವವರು ಇದನ್ನು ತಿಳಿದರೆ ಕೆಲಸದ ಬಗೆಯೇ ಬದಲಾಗುತ್ತದೆ. ಮೂವತ್ತೈದನೇ ಒಂದು ಅಳತೆಯಲ್ಲಿ ಇದು 12 ಸೆಂ.ಮೀ. ಉದ್ದವಾದೀತು, ಅಂಗೈ ಮೇಲೆ ಕೂರುವಷ್ಟು. ಇದಕ್ಕೆ ಕವಚವಿಲ್ಲ, ಬಂದೂಕಿಲ್ಲ. ಹೊಲದಲ್ಲಿದ್ದ ರೂಪದಲ್ಲಿ ಚಾಲಕನ ತಲೆಯ ಮೇಲೊಂದು ಸೂರು, ಪಕ್ಕಗಳೆಲ್ಲ ಬಯಲು. ಹೊಳೆಯುವ ಹೊಸ ಬಣ್ಣ ಇದಕ್ಕೆ ಒಪ್ಪದು. ವರ್ಷಗಟ್ಟಲೆ ಉತ್ತ ಮಣ್ಣಿನ ಸವೆತ, ಎಣ್ಣೆಯ ಜಿಡ್ಡು, ಕೈತಾಗಿ ನಯವಾದ ಹಿಡಿಕೆಗಳು ಕಾಣಬೇಕು. ಸೇನೆಗೆ ಸೇರುವ ಮೊದಲೇ ಅದು ದುಡಿದು ದಣಿದ ಯಂತ್ರ.

ಎಲ್ಲಕ್ಕಿಂತ ಮುಖ್ಯವಾಗಿ ಗಮನಿಸಬೇಕಾದದ್ದು ಹಿಂಬದಿಯ ಕೊಕ್ಕೆ. ಮಾದರಿಯಲ್ಲಿ ಅದು ಅಕ್ಕಿಕಾಳಿನಷ್ಟಿದ್ದೀತು. ಅದೇ ಕೊಕ್ಕೆಗೆ ನೇಗಿಲನ್ನೂ ಕಟ್ಟಬಹುದು, ಫಿರಂಗಿಯನ್ನೂ ಕಟ್ಟಬಹುದು. ಎರಡನ್ನೂ ಒಟ್ಟಿಗೆ ಕಟ್ಟಲಾಗದು.